ಎಂಜಲು ಬಾಟಲಿಯ ಗುಟ್ಟು

ತಂಪು ಪಾನೀಯದ ಕಂಪನಿಗಳು ಈ ದೇಶದಲ್ಲಿ ಹೆದರಬೇಕಾಗಿದ್ದದ್ದು ಒಬ್ಬನೇ ಮನುಷ್ಯನಿಗೆ: ತಿಕೋಟಾದ ನನ್ನ ಕಾಕಾನಿಗೆ. ದುರ್ದೈವ, ಈ ಸಂಗತಿ ಕಂಪನಿಗಳಿಗೆ ಗೊತ್ತಾಗಲೇ ಇಲ್ಲ!

ಎಪ್ಪತ್ತರ ದಶಕ. ವಿಜಾಪುರದ ಅಂಗಡಿಗಳಲ್ಲಿ ಗೋಲಿ ಸೋಡಾದ ಪಕ್ಕಕ್ಕೆ ಕರಿ ಪಾನೀಯದ ಬಾಟಲಿ ಬಂದು ಕೂತಿತ್ತು. ಕುಡಿದವರು ಖಾಲಿ ಬಾಟಲಿ ಮರಳಿಸದೆ ಕದಲುವಂತಿರಲಿಲ್ಲ. ಯಾಕೆ? ಗಾಜು ತುಟ್ಟಿ ಎಂಬುದು ನನ್ನಂಥ ಸಾಮಾನ್ಯರ ಉತ್ತರ. ಕಾಕಾನ ಪ್ರಕಾರ ಕಂಪನಿಗೆ ಬೇಕಾದದ್ದು ಗಾಜಲ್ಲ, ನಮ್ಮ ಎಂಜಲು. ಅದರಿಂದ ನಾಲಿಗೆಯ ಗುಟ್ಟು ತಿಳಿದುಕೊಂಡು, ನಮ್ಮ ಬಾವಿಯ ನೀರೂ ಮಜ್ಜಿಗೆಯೂ ನಮಗೇ ಸಪ್ಪೆ ಎನಿಸುವಂಥ ಮದ್ದು ಬೆರೆಸುತ್ತಾರೆ; ಮೈಗೊಗ್ಗದವರ ಜೀವಕ್ಕೂ ಅದು ಕುತ್ತು. ಆದ್ದರಿಂದ ಪೇಟೆಗೆ ಬಂದಾಗಲೆಲ್ಲ ಅವನು ಕಂಡವರ ಖಾಲಿ ಬಾಟಲಿ ಇಸಿದುಕೊಂಡು ತಿಕ್ಕಿ ತೊಳೆದಿಡುತ್ತಿದ್ದ. ಅಂಗಡಿಯವನು ಅವನನ್ನು ಪುಣ್ಯಾತ್ಮನೆಂದೇ ನಂಬಿದ್ದ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಢಾಲು ಗೆದ್ದವನು ನಾನು, ಸುಮ್ಮನಿರಲಾದೀತೆ? ಪುರಾವೆ ಕೇಳಿದೆ.

"ಕಳ್ಳ ಕದ್ದು ಹೋಗುವಾಗ ಪಾವತಿ ಬರದು ಕೊಡ್ತಾನೇನಲೇ? ಪುರಾವಿ ಸಿಗವಲ್ದು ಅಂದ್ರ ಅವರು ಎಷ್ಟು ಶಾಣ್ಯಾರದಾರ, ತಿಳಕೋ."

ಕೊನೆಗೆ ಪುರಾವೆಗೂ ಕೈಹಾಕಿದ. ಉದುರಿದ ತನ್ನದೇ ದವಡೆ ಹಲ್ಲನ್ನು ಆ ಪಾನೀಯದಲ್ಲಿ ನೆನೆಹಾಕಿ ಗೋಡೆಯ ಮಾಡದಲ್ಲಿಟ್ಟ. ವಾರದೊಳಗೆ ಹಲ್ಲು ಮಾಯ! ಹೊಲಸೆಂದು ತಾನೇ ಚೆಲ್ಲಿದ್ದಾಗಿ ಅವನ ಹೆಂಡತಿ, ನಮ್ಮ ಕಾಕು, ಹೇಳಿದಳು. ಕಾಕಾ ಅವಳನ್ನು ಬಹಳ ಹೊತ್ತು ನೋಡಿದ.

"ನಿನ್ನೂ ಕೊಂಡ್ಕೊಂಡ್ರೇನ?"

ಮುಂದೆ ಅಕ್ಕನ ನಿಶ್ಚಯ ಬಂತು, ವಿಜಾಪುರದ ನಮ್ಮ ಮನೆಯಲ್ಲಿ. ಬಬಲೇಶ್ವರದ ಬೀಗರು, ಮರ್ಯಾದೆಗೆಂದು ಅದೇ ಬಾಟಲಿಗಳನ್ನು ತರುವುದಾಗಿ ಮೊದಲೇ ಹೇಳಿಕಳಿಸಿದ್ದರು. ಒಲ್ಲೆವೆಂದರೆ ಎದ್ದು ಹೋಗುವಂಥ ಜನ. ಅವತ್ತೊಂದು ದಿನ ಬಾಯಿ ಬಿಡಬೇಡವೆಂದು ಅಪ್ಪ ಕಾಕಾನ ಕೈ ಹಿಡಿದು ಬೇಡಿಕೊಂಡಿದ್ದ.

ಬೀಗರ ಹಿರಿಯರು ಮೊದಲ ಬಾಟಲಿ ತೆರೆದು ಅಕ್ಕನ ಕೈಗಿಟ್ಟರು. ಕಾಕಾ ಎದ್ದು ನಿಂತ.

"ಹಿರ್ಯಾರು ಮೊದಲ ಕುಡಿಯೂದು ನಮ್ಮ ಮನಿ ಪದ್ಧತಿರಿ," ಎಂದ.

ಅಂಥ ಪದ್ಧತಿಯನ್ನು ನಾವ್ಯಾರೂ ಕೇಳಿರಲಿಲ್ಲ. ಎಂಜಲಾಗದಂತೆ ಬಾಟಲಿ ಮೇಲೆತ್ತಿ ಗಂಟಲಿಗೆ ಸುರಿದುಕೊಂಡ. ನೊರೆ ಮೂಗಿನಿಂದ ಬಂತು. ಬೀಗರು ಬಿದ್ದು ಬಿದ್ದು ನಕ್ಕರು. ಅವನು ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ಕೂತ. ದೊಡ್ಡದೊಂದು ತೇಗು ಬಂದ ಮೇಲೆ ಬಾಟಲಿಯನ್ನು ಅಕ್ಕನಿಗೆ ಮರಳಿಸಿದ.

"ಕುಡಿಯವ್ವಾ, ಏನೂ ಆಗಂಗಿಲ್ಲ."

ಅಡುಗೆಮನೆಗೆ ಹೋಗಿ ಆ ಮೂಗಿನ ನೊರೆಯನ್ನು ಕಾಕುಗೆ ಬಣ್ಣಿಸತೊಡಗಿದೆ. ಅವಳು ನಗಲಿಲ್ಲ. ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಕಾಕಾ ಎಂದೂ ಸೊಂಟದಿಂದ ತೆಗೆಯದ ತಿಕೋಟಾ ಮನೆಯ ಕೀಲಿಗಳು ಅಲ್ಲಿದ್ದವು.

"ಮುಂಜಾನೆ ಕೊಟ್ರು. ಹುಡುಗಿಗಿಂತ ಮೊದಲ ನಾ ಕುಡೀತೀನಿ, ನನಗೇನರ ಆದ್ರ ಇವು ನಿನ್ನ ಕಡೆ ಇರ್ಲಿ ಅಂದ್ರು."

ನಾನು ಹಿತ್ತಲಿಗೆ ಹೋದೆ. ಬೀಗರು ಕುಡಿದಿಟ್ಟ ಬಾಟಲಿಗಳನ್ನು ಒಂದೂ ಬಿಡದೆ ತಿಕ್ಕಿ ತೊಳೆದಿಟ್ಟೆ.