ಏಳು ಎಂದು ಎಣಿಸಿದ ತಪ್ಪಿಗೆ

ನಮ್ಮ ಮನೆಯಲ್ಲಿ ಎರಡು ಗಡಿಯಾರಗಳಿವೆ. ಅವೆರಡೂ ಒಂದೇ ಗಂಟೆ ತೋರಿಸಿದ್ದನ್ನು ಕಂಡವರಿಲ್ಲ. ನಾನೂ ನನ್ನ ಹೆಂಡತಿ ಸರೋಜಳೂ ಹಾಗೆಯೇ. ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಾಗ ಅವಳು ಸೀರೆ ಆರಿಸುತ್ತಿರುತ್ತಾಳೆ. ಅವಳು ಬಸ್ ಸ್ಟ್ಯಾಂಡ್ ಮುಟ್ಟಿದಾಗ ನಾನು ಕೊಡೆ ಹುಡುಕುತ್ತಿರುತ್ತೇನೆ. ಇಂಥವನು ಎರಡು ವಿಸಿಪಿಗಳನ್ನು, ಅಂದರೆ ಆಗಷ್ಟೇ ನಮ್ಮ ಕಡೆ ಬಂದಿದ್ದ ವಿಡಿಯೋ ಕ್ಯಾಸೆಟ್ ಓಡಿಸುವ ಪೆಟ್ಟಿಗೆಗಳನ್ನು, ಕೂದಲೆಳೆ ವ್ಯತ್ಯಾಸವಿಲ್ಲದೆ ಒಟ್ಟಿಗೆ ಓಡಿಸುತ್ತೇನೆಂದು ಹೊರಟದ್ದಕ್ಕೆ ಕಾರಣ ಒಂದೇ: ಹೊಸನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆಂಬ ಒಣಜಂಬ.

ನನ್ನ ತಂಗಿ ಲಲಿತೆಯನ್ನು ತೀರ್ಥಹಳ್ಳಿ ಕಡೆಯ ದೊಡ್ಡ ಮನೆತನಕ್ಕೆ ಕೊಟ್ಟಿದ್ದೆವು. ಮದುವೆಯ ದಿನ ಧಾರೆಯ ಹೊತ್ತಿಗೆ ಸರಿಯಾಗಿ ವಿಡಿಯೋದವನು ಮದುಮಗನ ಅಜ್ಜನ ಮುಂದೆ ಬೆನ್ನು ತಿರುಗಿಸಿ ನಿಂತುಬಿಟ್ಟ. ಮೊಮ್ಮಗನ ಧಾರೆಯ ಬದಲು ಅಜ್ಜಯ್ಯ ನೋಡಿದ್ದು ಬೆವರಿನಿಂದ ಒದ್ದೆಯಾದ ಒಂದು ಅಂಗಿಯನ್ನು. ಕೈಯಲ್ಲಿದ್ದ ಅಕ್ಷತೆ ಕೈಯಲ್ಲೇ ಉಳಿಯಿತು. ಅಂದಿನಿಂದ ಅವರು ನಮ್ಮ ಕಡೆಯವರೊಡನೆ ಮಾತು ಬಿಟ್ಟರು. "ಬೀಗರೂಟದ ದಿನವಾದರೂ ಅಜ್ಜಯ್ಯನ ಸಿಟ್ಟು ಇಳಿಸು ಅಣ್ಣ, ನಾನು ಈ ಮನೆಯಲ್ಲಿ ಬಾಳಬೇಕು" ಎಂದು ಲಲಿತೆ ಕಾಗದ ಬರೆದಿದ್ದಳು.

ಸಾಗರದ ನಮ್ಮ ಹಿರಿಯರ ಮನೆಯಲ್ಲಿ ಬೀಗರೂಟ. ಅಜ್ಜಯ್ಯನಿಗೆ ಮದುವೆಯ ವಿಡಿಯೋವನ್ನು ಯಾರ ಬೆನ್ನೂ ಅಡ್ಡ ಬಾರದಂತೆ ತೋರಿಸುವುದೆಂದು ತೀರ್ಮಾನಿಸಿದೆ. ಚಪ್ಪರದಲ್ಲಿ ಗಂಡಸರಿಗೊಂದು ಟಿವಿ, ನಡುಮನೆಯಲ್ಲಿ ಹೆಂಗಸರಿಗೊಂದು. ಕ್ಯಾಸೆಟ್ಟಿನ ಎರಡು ಪ್ರತಿ ಮಾಡಿಸಿದೆ. ಒಂದು ವಿಸಿಪಿ ಪೇಟೆಯಲ್ಲೇ ಬಾಡಿಗೆಗೆ ಸಿಕ್ಕಿತು. ಇನ್ನೊಂದನ್ನು ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿದ್ದ ಷಡ್ಡಕನಿಂದ ಬೇಡಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಪಕ್ಕದ ಸೀಟಿನ ಹೆಂಗಸು, "ಮಗೀಗೆ ಹುಷಾರಿಲ್ವಾ?" ಎಂದು ಕೇಳಿದರು. ಪೆಟ್ಟಿಗೆಗೆ ಶಾಲು ಹೊದಿಸಿದ್ದೆ, ನಿಜ.

ಬೀಗರೂಟದ ಮಧ್ಯಾಹ್ನ ಎಲೆ ಹಾಕಿ ಕಡುಬು ಬಡಿಸಿ ಆಗಿತ್ತು. "ಧಾರೆ ನೋಡಿಯೇ ಎಲೆಗೆ ಕೈ ಹಾಕ್ತೀನಿ" ಎಂದು ಅಜ್ಜಯ್ಯ ಪಣ ತೊಟ್ಟಿದ್ದರಿಂದ ಸಾಲಿನಲ್ಲಿದ್ದ ನಲವತ್ತು ಜನವೂ ಕಡುಬನ್ನು ದಿಟ್ಟಿಸುತ್ತಾ ಕಾದಿದ್ದರು. ನಾನು ಚಪ್ಪರದಲ್ಲಿ, ಸರೋಜ ನಡುಮನೆಯಲ್ಲಿ. "ಒಂದು, ಎರಡು, ಮೂರು" ಎಂದು ಕೂಗಿ ಒತ್ತಿದೆ. ಒಳಗಿನ ಪೆಟ್ಟಿಗೆಯೋ ನಿಧಾನ ಸ್ವಭಾವದ್ದು. ನಮ್ಮಲ್ಲಿ ಗಟ್ಟಿಮೇಳ ಮುಗಿದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ ಒಳಗಿನಿಂದ ಮತ್ತೆ ಗಟ್ಟಿಮೇಳ ಕೇಳಿತು.

ಅಜ್ಜಯ್ಯ ಬೆಚ್ಚಿಬಿದ್ದರು. "ಎಂಥ ಮೇಷ್ಟ್ರೇ ಇದು? ನಮ್ಮ ಹುಡುಗನ ಕೈಲಿ ಎಷ್ಟು ಸಲ ತಾಳಿ ಕಟ್ಟಿಸ್ತೀರಿ? ಎರಡನೇದು ಯಾರಿಗೆ? ಈ ಧಾರೆ ಲೆಕ್ಕಕ್ಕಿಲ್ಲ, ಒಂದೇ ಸಲ ಆಗೋ ಹಾಗೆ ತೋರಿಸಿ."

ಲಲಿತೆ ಬಾಗಿಲ ಸಂದಿಯಿಂದ ನೋಡಿದ ನೋಟ ಇನ್ನೂ ಮರೆತಿಲ್ಲ. ಒಳಗೋಡಿ ಪರೀಕ್ಷಿಸಿದೆ. ಕಾರ್ಗಲ್ಲಿನ ಪೆಟ್ಟಿಗೆ, ಗುಂಡಿ ಒತ್ತಿದ ಮೇಲೆ ಗೊರಗೊರ ಎಂದು ಮೂರು ಎಣಿಸುವಷ್ಟು ಹೊತ್ತು ಯೋಚಿಸಿ ಆಮೇಲೆ ಹೊರಡುತ್ತಿತ್ತು. ಸರೋಜ ನನ್ನ "ಮೂರು" ಕೇಳಿದ ಮೇಲೂ ನಾನು "ಹೂಂ" ಎನ್ನಲಿ ಎಂದು ಕಾದಿದ್ದಳಂತೆ. ನನ್ನ ವಿಜ್ಞಾನ ಜಾಗೃತವಾಯಿತು. ಎರಡೂ ಕ್ಯಾಸೆಟ್ಟನ್ನು ಗಟ್ಟಿಮೇಳದ ಹಿಂದಕ್ಕೆ ತಂದು ನಿಲ್ಲಿಸಿದೆ. "ಹತ್ತರ ತನಕ ಎಣಿಸ್ತೀನಿ. ನೀನು ಏಳಕ್ಕೆ ಒತ್ತು, ನಾನು ಹತ್ತಕ್ಕೆ ಒತ್ತುತ್ತೀನಿ."

"ಏಳು ಅನ್ಬೇಡಿ" ಎಂದಳು ಸರೋಜ. "ನಮ್ಮಪ್ಪ ಭತ್ತ ಅಳೆಯುವಾಗ ಒಂದು ಅನ್ನೋ ಬದಲು ಲಾಭ, ಏಳು ಅನ್ನೋ ಬದಲು ಮತ್ತೊಂದು ಅಂತಿದ್ರು, ಏಳು ಅಂದ್ರೆ ಒಳ್ಳೇದಾಗಲ್ಲ ಅಂತ."

"ಇದು ಭತ್ತ ಅಲ್ಲ ಕಣೇ, ಎಲೆಕ್ಟ್ರಾನಿಕ್ಸು" ಎಂದು ಗದರಿದೆ. ಮದುವೆಯಾದ ಮೇಲೆ ನಾನು ಆಡಿದ ದಡ್ಡ ಮಾತುಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಚಪ್ಪರಕ್ಕೆ ಬಂದು ಅಜ್ಜಯ್ಯನ ಎಲೆಯ ಮುಂದಿದ್ದ ಪೆಟ್ಟಿಗೆಯ ಪಕ್ಕ ನಿಂತು ಎಣಿಸತೊಡಗಿದೆ. ಒಳಗೆ ಸರೋಜಳಿಗೆ ಕೇಳಲೇಬೇಕಾದ ಅಂಕಿ ಒಂದೇ ತಾನೆ? ಆರರ ತನಕ ಸಾಧಾರಣ ದನಿಯಲ್ಲಿ ಎಣಿಸಿ, ಆಮೇಲೆ ಹಿಂದಿನ ಬೆಂಚಿನವರನ್ನು ಗದರಿಸುವ ಗಂಟಲಿನಲ್ಲಿ ಕೂಗಿದೆ:

"ಏಳು!"

ಅಜ್ಜಯ್ಯ ಎದ್ದರು. ಸಾಲಿನ ಹಿರಿಯ ಎದ್ದ ಮೇಲೆ ಉಳಿದವರು ಕೂರುವುದುಂಟೇ? ನಲವತ್ತು ಜನವೂ ಎದ್ದರು. ನನ್ನ ಬಾಯಿ ಮಾತ್ರ ಯಂತ್ರದಂತೆ ಎಂಟು, ಒಂಬತ್ತು, ಹತ್ತು ಎಂದು ಎಣಿಸಿತು, ಬೆರಳು ತಾನಾಗಿ ಗುಂಡಿ ಒತ್ತಿತು. ಬಡಿಸಿದ ಎಲೆಯ ಮುಂದಿನಿಂದ ಬೀಗರನ್ನು ಎಬ್ಬಿಸಿದ್ದೆ! ಅದೂ 'ಏಳಿ' ಎಂದಲ್ಲ, ತೊಂಬತ್ತರ ಹತ್ತಿರದ ಹಿರಿಯರಿಗೆ 'ಏಳು' ಎಂದು! ತಂಗಿಯ ಸಂಸಾರವನ್ನು ನನ್ನ ಕೈಯಾರೆ ಮುರಿದೆ ಎನಿಸಿತು.

"ಏಳು ಅಂದ್ರಲ್ಲ, ಎದ್ದೆವು" ಎಂದರು ಅಜ್ಜಯ್ಯ. "ಜೀಪು ಎಲ್ಲಿದೆ?"

ಅಷ್ಟರಲ್ಲಿ ಒಳಗೂ ಹೊರಗೂ ಒಂದೇ ಏಟಿಗೆ ಗಟ್ಟಿಮೇಳ ಮೊಳಗಿತು. ಒಂದು ಪೆಟ್ಟೂ ಹೆಚ್ಚುಕಡಿಮೆ ಇಲ್ಲ. ಅದರ ಹಿಂದೆಯೇ ಸರೋಜ ಅಕ್ಷತೆಯ ತಟ್ಟೆ ಹಿಡಿದು ಓಡಿ ಬಂದಳು. "ಅಜ್ಜಯ್ಯ, ಧಾರೆ ಶುರುವಾಯ್ತು! ಕೂತು ಅಕ್ಷತೆ ಹಾಕ್ತಾರಾ ಯಾರಾದ್ರೂ? ಅದಕ್ಕೇ ಇವರು ಏಳಿ ಅಂದಿದ್ದು. ಗಡಿಬಿಡೀಲಿ ಒಂದು ಅಕ್ಷರ ನುಂಗಿದ್ರು. ತಗೊಳ್ಳಿ."

ಅಜ್ಜಯ್ಯ ತಟ್ಟೆ ನೋಡಿದರು, ಟಿವಿ ನೋಡಿದರು. ಯಾವ ಬೆನ್ನೂ ಅಡ್ಡವಿರಲಿಲ್ಲ. ನಿಧಾನವಾಗಿ ಅಕ್ಷತೆ ತೆಗೆದುಕೊಂಡು ಮೊಮ್ಮಗನ ತಲೆಯ ಮೇಲೆ, ಅಂದರೆ ಟಿವಿಯ ಮೇಲೆ, ಹಾಕಿದರು. ಅವರ ಕಣ್ಣು ಒದ್ದೆಯಾಗಿತ್ತು. ಉಳಿದವರೂ ಹಾಕಿದರು. ಅರ್ಧ ಅಕ್ಕಿ ವಿಸಿಪಿಯ ಬಾಯಿಗೆ ಹೋಗಿ ಅದು ಕೆಮ್ಮಿ ನಿಂತುಹೋಯಿತು. ಯಾರಿಗೂ ಅದರ ಚಿಂತೆ ಇರಲಿಲ್ಲ. ಅಜ್ಜಯ್ಯ ಹನ್ನೊಂದು ಕಡುಬು ತಿಂದರು. ಹೊರಡುವಾಗ ಲಲಿತೆಯನ್ನು ಜೀಪಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಮರುದಿನ ಪೆಟ್ಟಿಗೆ ಹಿಂತಿರುಗಿಸಲು ಹೋದಾಗ ಷಡ್ಡಕ ಎಲ್ಲ ಕೇಳಿ, "ಅಲ್ಲ ಭಾವ, ಒಂದೇ ವಿಸಿಪಿಯಿಂದ ಎರಡು ಟಿವಿಗೂ ವೈರ್ ಎಳೆದಿದ್ರೆ ಆಗ್ತಿತ್ತಲ್ಲ?" ಎಂದ. ವಿಜ್ಞಾನದ ಮೇಷ್ಟ್ರಾದ ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ಈ ಮಾತನ್ನು ಸರೋಜಳಿಗೆ ಇಂದಿಗೂ ಹೇಳಿಲ್ಲ. ಆದರೆ ಆ ಏಳನ್ನು ಅವಳು ಮರೆತಿಲ್ಲ. ಬೆಳಗ್ಗೆ ನಾನು ಹಾಸಿಗೆ ಬಿಡದಿದ್ದರೆ ಅವಳು 'ಏಳಿ' ಎನ್ನುವುದಿಲ್ಲ. ಬಾಗಿಲಲ್ಲಿ ನಿಂತು, "ಐದು, ಆರು, ಮತ್ತೊಂದು" ಎನ್ನುತ್ತಾಳೆ. ನಾನು ತಕ್ಷಣ ಎದ್ದು ಕೂರುತ್ತೇನೆ.