ನವಮಿಯ ದಿನದ ಹಳದಿ ಪೆಟ್ಟಿಗೆ

ಮಹಾನವಮಿಯ ಬೆಳಿಗ್ಗೆ ಸೇಸಪ್ಪ ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅವನ ಹೆಂಡತಿ ಗುಣವತಿ ಅವನ ಹಳದಿ ಪೆಟ್ಟಿಗೆಗೆ ಕುಂಕುಮ ಹಚ್ಚಿಬಿಟ್ಟಿದ್ದಳು. ಅಷ್ಟೇ ಆಗಿದ್ದರೆ ಒರೆಸಿಕೊಳ್ಳಬಹುದಿತ್ತು. ಅವಳು ಅದನ್ನು ಸ್ಕ್ರೂಡ್ರೈವರು, ತೋಟದ ಕತ್ತರಿ, ಮಗಳ ಲ್ಯಾಪ್‌ಟಾಪುಗಳ ನಡುವೆ ದುರ್ಗಾದೇವಿಯ ಪಟದ ಮುಂದೆ ಕೂರಿಸಿ, ಅಕ್ಷತೆ ಹಾಕಿ, ಮೇಲೊಂದು ಸೇವಂತಿಗೆಯನ್ನೂ ಇಟ್ಟಿದ್ದಳು. ಆಯುಧಪೂಜೆಗೆ ಕುಳಿತ ವಸ್ತುವನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಸೇಸಪ್ಪನಿಗಾದರೋ ಅದು ಅಂದೇ ಮಧ್ಯಾಹ್ನ ಎರಡು ಗಂಟೆಗೆ ಸಿಡ್ನಿಯಲ್ಲಿ ಬೇಕಾಗಿತ್ತು.

ಸೇಸಪ್ಪ ಹಡಗುಗಳ ವಿಂಚ್ ದುರಸ್ತಿ ಮಾಡುವ ಕಂಪನಿಯಲ್ಲಿ ಇಂಜಿನಿಯರು. ವಿಂಚ್ ಎಂದರೆ ಹಡಗಿನ ಹಗ್ಗವನ್ನು ಎಳೆದು ಸುತ್ತುವ ಯಂತ್ರ. ಮನೆ ಮೆಲ್ಬೋರ್ನಿನ ಪಾಯಿಂಟ್ ಕುಕ್ಕಿನಲ್ಲಿ, ಆಫೀಸು ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ. ಮೂರು ವರ್ಷಗಳಿಂದ ಪ್ರತಿ ಸೋಮವಾರ ಬೆಳಗಿನ ವಿಮಾನ ಹತ್ತುವುದು, ಸಿಡ್ನಿಯ ಗಿರಾವೀನ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಡಬ್ಬಿಯ ಊಟ ಉಣ್ಣುವುದು, ಗುರುವಾರ ಹಿಂದಿರುಗುವುದು. ಪ್ರತಿದಿನ ಸಂಜೆ ತನ್ನ ಮನೆಯಲ್ಲಿ, ತನ್ನ ಹೆಂಡತಿಯ ಕೈಯಡುಗೆ ಉಣ್ಣಬೇಕು. ಅವನ ಆಸೆ ಇಷ್ಟೇ.

ಆ ಆಸೆಗೆ ದಾರಿ ತೆರೆದದ್ದು ದೂರದ ನಾರ್ವೆಯ ಓಲೆಸುನ್ ಎಂಬ ಬಂದರು ನಗರ. ಅಲ್ಲಿ ಹಡಗು ಕಟ್ಟುವವರು, ಎಂಜಿನ್ ಮಾಡುವವರು, ಹಗ್ಗ ಹೊಸೆಯುವವರು, ನಕ್ಷೆ ಬರೆಯುವವರು ಎಲ್ಲರೂ ಒಂದೇ ಕಡಲತಡಿಯಲ್ಲಿ ಅವಿಭಕ್ತ ಕುಟುಂಬದಂತೆ ಇದ್ದಾರೆ. ಒಳಗೆ ಓರಗಿತ್ತಿಯರ ಹಾಗೆ ಪೈಪೋಟಿ, ಹೊರಗಿನವರ ಮುಂದೆ ಒಂದೇ ಮನೆ. ಅಂಥ ಕಂಪನಿಗಳ ಒಂದು ಗುಂಪು ಆಸ್ಟ್ರೇಲಿಯಾದಲ್ಲಿ ಒಬ್ಬ ಜೊತೆಗಾರನನ್ನು ಹುಡುಕುತ್ತಿತ್ತು. ಆಯ್ಕೆಯಾದರೆ ಮೆಲ್ಬೋರ್ನ್ ಬಂದರಿನಲ್ಲಿ ಹೊಸ ಸರ್ವಿಸ್ ಸೆಂಟರು, ಅದಕ್ಕೆ ಸೇಸಪ್ಪನೇ ಮುಖ್ಯಸ್ಥ. ಪರೀಕ್ಷೆಗೆಂದು ಅವರು ಒಂದು ತಿಂಗಳ ಮಟ್ಟಿಗೆ ಕೊಟ್ಟದ್ದೇ ವಿಂಚಿನ ಎಳೆತ ಅಳೆಯುವ ಈ ಹಳದಿ ಪೆಟ್ಟಿಗೆ. ಅದನ್ನು ಅವರೆದುರು ನಡೆಸಿ ತೋರಿಸಬೇಕಾದ ದಿನವೇ ಇಂದು.

"ಮಾರಾಯ್ತಿ, ಬೇರೆ ಎಂತದೂ ಸಿಗ್ಲಿಲ್ವಾ ನಿನಗೆ?" ಎಂದ ಸೇಸಪ್ಪ.

"ಅನ್ನ ಕೊಡುವ ಆಯುಧ ಅಲ್ವಾ ಅದು? ಅದನ್ನು ಬಿಟ್ಟು ಬರೀ ಕತ್ತರಿಗೆ ಪೂಜೆ ಮಾಡ್ಲಿಕ್ಕಾಗ್ತದಾ?"

"ಅದು ಇಲ್ಲದಿದ್ರೆ ಅನ್ನಕ್ಕೆ ಗಿರಾವೀನೇ ಗತಿ! ಈಗ ತೆಗಿತೇನೆ, ನಾಳೆ ಎರಡು ತೆಂಗಿನಕಾಯಿ ಒಡಿತೇನೆ."

ಅಷ್ಟರಲ್ಲಿ ಪಕ್ಕದ ಮನೆಯ ಮೈಸೂರಿನವರು, ಚಕ್ರಪಾಣಿ ಮತ್ತು ಜಯಲಕ್ಷ್ಮಿ ದಂಪತಿಗಳು, ಮಂಗಳಾರತಿಗೆ ಬಂದರು. ಕರೆಯದಿದ್ದರೂ ತೀರ್ಪು ಕೊಡುವುದರಲ್ಲಿ ಚಕ್ರಪಾಣಿಯವರು ಎತ್ತಿದ ಕೈ.

"ಏನ್ರೀ ಸೇಸಪ್ಪನೋರೆ, ಕೂತಿರೋ ಆಯುಧ ಎಬ್ಬಿಸ್ತಾರೇನ್ರೀ? ನಮ್ಮ ಸೋದರಮಾವ ಹೀಗೇ ನವಮಿ ದಿನ ಕುಡುಗೋಲು ಎತ್ಕೊಂಡು ಹೋದ್ರು. ಮೂರು ತಿಂಗಳು ಎಡಗೈಲಿ ಊಟ ಮಾಡಿದ್ರು!"

"ಆಂಟಿ, ನೀವಾದ್ರೂ ಹೇಳಿ," ಎಂದು ಸೇಸಪ್ಪ ಜಯಲಕ್ಷ್ಮಿಯವರ ಕಡೆ ತಿರುಗಿದ.

"ನನ್ನ ಕೇಳ್ಬೇಡಿಪ್ಪ. ನಾನು ಇವತ್ತು ಮಿಕ್ಸೀನೇ ಮುಟ್ಟಿಲ್ಲ. ಚಟ್ನಿ ಇಲ್ದೆ ಇಡ್ಲಿ ತಿಂದು ಬಂದಿದೀವಿ."

ವಾದದಿಂದ ಫಲವಿಲ್ಲವೆಂದು ಸೇಸಪ್ಪ ಬೇರೆ ಉಪಾಯ ಹೂಡಿದ. ಗುಣವತಿ ಆರತಿ ಎತ್ತಿದಳು, ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು. ಆ ಅರೆಗಳಿಗೆಯಲ್ಲಿ ಅವನು ಹಳದಿ ಪೆಟ್ಟಿಗೆಯನ್ನು ಎಳೆದುಕೊಂಡು, ಅದೇ ಅಳತೆಯ, ಅದೇ ಬಣ್ಣದ ಮಗಳ ಊಟದ ಡಬ್ಬಿಯನ್ನು ಹೂವಿನಡಿ ಇಟ್ಟ. 'ಅಮ್ಮಾ, ತಪ್ಪಾಯ್ತು. ಮನೆಯೂಟಕ್ಕಾಗಿ ಮಾಡಿದೆ, ಮನ್ನಿಸು' ಎಂದು ಮನಸ್ಸಿನಲ್ಲೇ ಬೇಡಿ ದೇವಿಗೆ ಅಡ್ಡಬಿದ್ದ. ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಿ ಬಾಗಿಲ ಬಳಿ ಇಟ್ಟ.

ಚಕ್ರಪಾಣಿಯವರೇ ಏರ್‌ಪೋರ್ಟಿಗೆ ಬಿಟ್ಟುಬರುವೆನೆಂದು ಹಟ ಹಿಡಿದರು. ಫ್ರೀವೇಯಲ್ಲಿ ಹಾಲಿನ ಟ್ಯಾಂಕರುಗಳು ಕೂಡ ಅವರನ್ನು ದಾಟಿ ಹೋದವು. "ಅರ್ಜೆಂಟ್ ಯಾಕ್ರೀ, ಪ್ಲೇನು ನೆಲದ ಮೇಲೇ ಇರತ್ತಲ್ಲ" ಎನ್ನುತ್ತ ಅವರು ಮಾವನ ಕೈಯ ಕಥೆಯನ್ನು ಎರಡನೆಯ ಬಾರಿ ಹೇಳಿ ಮುಗಿಸಿದರು.

ಸೇಸಪ್ಪ ಓಡುತ್ತ ತಪಾಸಣೆಯ ಸಾಲು ಸೇರಿದ. ಪರದೆ ನೋಡುತ್ತಿದ್ದ ಅಧಿಕಾರಿಣಿ ಅವನ ಬ್ಯಾಗನ್ನು ನಿಲ್ಲಿಸಿದಳು.

"ಒಳಗೇನಿದೆ ಸರ್?"

"ಯಂತ್ರ. ಬಹಳ ಸೂಕ್ಷ್ಮವಾದ ಯಂತ್ರ. ನಾರ್ವೆಯದು."

ಅವಳು ಪರದೆಯನ್ನೂ ಅವನ ಮುಖವನ್ನೂ ನೋಡಿ, ತುಟಿ ಕಚ್ಚಿ ನಗು ತಡೆದು, "ಒಳ್ಳೆಯ ಯಂತ್ರ, ಹೋಗಿ" ಎಂದಳು. ದೇವಿ ಕೈಬಿಡಲಿಲ್ಲವೆಂದು ಸೇಸಪ್ಪ ಹಿಗ್ಗಿದ.

ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ಮ್ಯಾನೇಜರ್ ಚಂದ್ರಶೇಖರ್ ಸೂಟು ಧರಿಸಿ ಮದುಮಗನಂತೆ ಬೆವರುತ್ತಿದ್ದರು. ಬೆಂಗಳೂರಿನವರು, ಮಾತು ಚುರುಕು.

"ಸೇಸಪ್ಪ, ಬಾಕ್ಸ್ ರೆಡಿ ತಾನೇ? ಮಧ್ಯೆ ಮೂರು ಸಲ ಅದು ಕೈಕೊಟ್ಟಿತ್ತಲ್ಲ, ಆ ಟಾಪಿಕ್ಕೇ ಎತ್ಬೇಡಿ. ಸ್ಲೈಡಲ್ಲಿ ಎಲ್ಲಾ ಸೂಪರ್ ಅಂತ ಹಾಕಿದೀನಿ."

ಮೇಜಿನ ಆಚೆ ಇಬ್ಬರು ನಾರ್ವೆಯವರು. ಟೂರಿಲ್ ಎಂಬ ನೀಳಕಾಯದ ಹೆಂಗಸು ಟಿಪ್ಪಣಿ ಬರೆಯುತ್ತಿದ್ದಳು. ಹಾಲ್ವರ್ ಎಂಬ ಬಿಳಿಗಡ್ಡದ ಹಿರಿಯರು ಕೈಕಟ್ಟಿ ಕುಳಿತಿದ್ದರು. ಹಡಗುಕಟ್ಟೆಯಲ್ಲಿ ನಲವತ್ತು ವರ್ಷ ದುಡಿದ ಕೈಗಳು ಅವು, ತೊಲೆಗಳ ಹಾಗಿದ್ದವು.

"ಪೆಟ್ಟಿಗೆ ತೋರಿಸಿ" ಎಂದರು ಹಾಲ್ವರ್.

ಸೇಸಪ್ಪ ಗಂಭೀರವಾಗಿ ಬ್ಯಾಗು ತೆರೆದು ಟವೆಲು ಬಿಚ್ಚಿದ. ಒಳಗಿಂದ ಜುಟ್ಟು ಸಮೇತ ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಬೆಲ್ಲದ ಅವಲಕ್ಕಿಯ ಡಬ್ಬಿ ಹೊರಬಂದವು. ತೆಂಗಿನಕಾಯಿ ಮೇಜಿನ ಮೇಲೆ ಉರುಳುತ್ತ ಹೋಗಿ ಟೂರಿಲ್‌ಳ ಪುಸ್ತಕಕ್ಕೆ ತಾಗಿ ನಿಂತಿತು.

ಚಂದ್ರಶೇಖರ್ ಅವರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಅದೇ ಹೊತ್ತಿಗೆ ಸೇಸಪ್ಪನ ಫೋನು ಬಡಿದುಕೊಂಡಿತು. ಗುಣವತಿಯ ವೀಡಿಯೋ ಕರೆ. ಗಾಬರಿಯಲ್ಲಿ ಕತ್ತರಿಸಲು ಹೋಗಿ ಅವನು ಅದನ್ನು ತೆರೆದೇ ಬಿಟ್ಟ.

"ತಲುಪಿದ್ರಾ? ನನ್ನ ಕಣ್ಣಿಗೆ ಮಣ್ಣೆರಚ್ತೀರಾ? ಆರತಿ ಎತ್ತುವವಳು ಕಣ್ಣು ಮುಚ್ಚುವುದಿಲ್ಲ ಅಂತ ಅಷ್ಟೂ ಗೊತ್ತಿಲ್ವಾ ನಿಮಗೆ? ನೀವು ಶೂ ಹಾಕುವಾಗಲೇ ಪೆಟ್ಟಿಗೆ ತೆಗೆದು ವಾಪಸ್ ಇಟ್ಟೆ. ಅಲ್ಲಿ ಎಲ್ಲರಿಗೂ ಪ್ರಸಾದ ಕೊಡಿ!"

ಪರದೆಯ ತುಂಬ ದೇವಿಯ ಪಟ, ಅದರ ಮುಂದೆ ಕುಂಕುಮವಿಟ್ಟುಕೊಂಡು ಮದುಮಗಳಂತೆ ಕುಳಿತ ಹಳದಿ ಪೆಟ್ಟಿಗೆ.

"ಅದು ನಮ್ಮ ಪೆಟ್ಟಿಗೆಯಲ್ಲವೇ?" ಎಂದರು ಹಾಲ್ವರ್.

ಸೇಸಪ್ಪನಿಗೆ ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ಮುಳುಗುವವನಿಗೆ ಚಳಿಯೇನು, ಮಳೆಯೇನು? ಅವನು ಎದ್ದು ನಿಂತು ಹೇಳಿದ:

"ಹೌದು ಸ್ವಾಮಿ. ಇಂದು ನಮ್ಮಲ್ಲಿ ಆಯುಧಗಳಿಗೆ ವಿಶ್ರಾಂತಿ. ನನ್ನ ಅಪ್ಪ ಮಲ್ಪೆಯಲ್ಲಿ ಮೀನಿನ ದೋಣಿಯ ವಿಂಚ್ ನಡೆಸುತ್ತಿದ್ದರು. ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೆಲಸ. ಈ ದಿನ ಮಾತ್ರ, ಮೀನು ದಡಕ್ಕೇ ಬಂದು ಕುಣಿದರೂ ಹಗ್ಗ ಎಳೆಯುತ್ತಿರಲಿಲ್ಲ. ವರ್ಷವಿಡೀ ನಮ್ಮನ್ನು ಹೊತ್ತದ್ದನ್ನು ಒಂದು ದಿನ ನಾವು ಹೊರಬೇಕು ಎನ್ನುತ್ತಿದ್ದರು. ಅವರು ಹೋಗಿ ಐದು ವರ್ಷವಾಯಿತು. ಕದ್ದು ತರಲು ನೋಡಿದೆ, ಆಗಲಿಲ್ಲ. ಪೆಟ್ಟಿಗೆ ನಾಳೆ ಏಳುತ್ತದೆ. ಇಂದು ಬೇಕಾದರೆ ನಾನು ಬಾಯಲ್ಲಿ ಹೇಳುತ್ತೇನೆ."

"ಹೇಳಿ" ಎಂದರು ಹಾಲ್ವರ್.

ಸೇಸಪ್ಪ ಮೂವತ್ತು ದಿನಗಳ ಅಳತೆಗಳನ್ನು ಪಂಚಾಂಗ ಓದಿದಂತೆ ಒಪ್ಪಿಸಿದ. ಯಾವ ಹಡಗು, ಯಾವ ವಿಂಚ್, ಎಷ್ಟು ಟನ್ ಎಳೆತ ಎಂದು ಎಲ್ಲವನ್ನೂ ಹೇಳಿದ. ಮೇಜಿನಡಿ ಚಂದ್ರಶೇಖರ್ ಕಾಲು ತುಳಿದರೂ ನಿಲ್ಲಲಿಲ್ಲ. "ಮೂರು ಸಲ ಪೆಟ್ಟಿಗೆ ಕೈಕೊಟ್ಟಿತು. ಮೂರೂ ಸಲ ಚಳಿಯ ಬೆಳಿಗ್ಗೆ. ತಂತಿ ಸೇರುವ ಜಾಗದ ರಬ್ಬರು ಸೆಟೆದು ಉಪ್ಪುನೀರು ಒಳಗೆ ಹೋಗುತ್ತದೆ. ತಪ್ಪು ವಿಂಚಿನದಲ್ಲ, ನಿಮ್ಮ ಪೆಟ್ಟಿಗೆಯದು."

ಹಾಲ್ವರ್ ಟೂರಿಲ್‌ಳನ್ನು ನೋಡಿದರು, ಟೂರಿಲ್ ಹಾಲ್ವರರನ್ನು. ಆಮೇಲೆ ಮುದುಕರು ಮೇಜು ಕುಟ್ಟಿ ನಕ್ಕ ರಭಸಕ್ಕೆ ತೆಂಗಿನಕಾಯಿ ಮತ್ತೆ ಉರುಳಿತು.

"ಆ ರಬ್ಬರಿನ ದೋಷ ನಮಗೆ ಗೊತ್ತು. ಗೊತ್ತಿದ್ದೇ ಕಳಿಸಿದ್ದು! ಆರು ಕಂಪನಿಗಳಿಗೆ ಪೆಟ್ಟಿಗೆ ಕೊಟ್ಟೆವು. ಐವರು ಎಲ್ಲ ಸೊಗಸಾಗಿದೆ ಎಂದು ಚಿತ್ರ ತೋರಿಸಿದರು. ನಮ್ಮ ಊರಿನಲ್ಲಿ ನೆರೆಯವನು ಸುಳ್ಳು ಹೇಳಿದರೆ ನಾವು ಕಟ್ಟಿದ ಹಡಗು ಮುಳುಗುತ್ತದೆ. ನಿಜ ಹೇಳುವ ಒಬ್ಬ ನೆರೆಯವನನ್ನು ಹುಡುಕಿಕೊಂಡು ಬಂದೆವು. ಸಿಕ್ಕಿದ."

ಚಂದ್ರಶೇಖರ್ ಅವರ ಮುಖಕ್ಕೆ ಬಣ್ಣ ಮರಳಿತು. "ನಾನೇ ಹೇಳಿದ್ದು ಸರ್, ಫುಲ್ ಟ್ರಾನ್ಸ್‌ಪರೆಂಟ್ ಆಗಿರಿ ಅಂತ" ಎಂದು ಮೆಲ್ಲಗೆ ಲ್ಯಾಪ್‌ಟಾಪು ಮುಚ್ಚಿದರು. ಹಾಲ್ವರ್ ಅವಲಕ್ಕಿಯನ್ನು ಎರಡು ಬಾರಿ ಹಾಕಿಸಿಕೊಂಡು ತಿಂದರು. ಕೊನೆಗೆ ಡಬ್ಬಿಯ ತಳವನ್ನೂ ಕೆರೆದರು.

ಅಲ್ಲಿ ಅಕ್ಟೋಬರಿನಲ್ಲೇ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಸೇಸಪ್ಪ ಪಾಯಿಂಟ್ ಕುಕ್ ತಲುಪಿದಾಗಲೂ ಬೆಳಕಿತ್ತು. ರಣರಂಗ ಗೆದ್ದುಬಂದವನ ಹಾಗೆ ಅವನು ಮನೆ ಹೊಕ್ಕ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಚಕ್ರಪಾಣಿಯವರು ಸೋಫಾದ ನಡುವೆ, ಜಯಲಕ್ಷ್ಮಿಯವರು ಅವರ ಪಕ್ಕದಲ್ಲಿ ಕುಳಿತಿದ್ದರು.

"ನಾನು ನಿಧಾನಕ್ಕೆ ಡ್ರೈವ್ ಮಾಡ್ದೆ, ತೆಂಗಿನಕಾಯಿ ಒಡೀಲಿಲ್ಲ. ಅದೇ ಶುಭಶಕುನ ಕಣ್ರೀ!"

"ಅಪ್ಪಾ, ಯೂ ಆರ್ ಎ ಲೆಜೆಂಡ್!" ಎಂದಳು ಮಗಳು ಶ್ರದ್ಧಾ.

"ಇನ್ನು ಸೋಮವಾರದ ಪ್ಲೇನಿಲ್ಲ," ಎಂದು ಸೇಸಪ್ಪ ಗತ್ತಿನಿಂದ ಕುಳಿತ. "ದಿನಾ ಸಂಜೆ ಆರಕ್ಕೆ ಮನೆ. ದಿನಾ ನಿನ್ನ ಕೈಯಡುಗೆ."

ಗುಣವತಿಯ ಕಣ್ಣು ತುಂಬಿತು. ಆಗ ಚಂದ್ರಶೇಖರ್ ಅವರ ಕರೆ ಬಂತು. ಎಲ್ಲರಿಗೂ ಕೇಳಲೆಂದು ಸೇಸಪ್ಪ ಸ್ಪೀಕರ್ ಹಾಕಿದ.

"ಸೇಸಪ್ಪ, ಮೆಲ್ಬೋರ್ನ್ ಸೆಂಟರ್ ಕನ್ಫರ್ಮ್! ಒಂದೇ ಒಂದು ಸಣ್ಣ ಕಂಡೀಶನ್. ಹೊಸದಾಗಿ ಸೇರೋ ಕಂಪನಿ ತನ್ನ ಬೆಸ್ಟ್ ಮನುಷ್ಯನ್ನ ಎರಡು ವರ್ಷ ಓಲೆಸುನ್‌ಗೆ ಕಳಿಸ್ಬೇಕಂತೆ, ಅವರು ಅವರ ಬೆಸ್ಟ್ ಮನುಷ್ಯನ್ನ ಇಲ್ಲಿಗೆ ಕಳಿಸ್ತಾರೆ. ಅದು ಅವರ ಗುಂಪಿನ ಪದ್ಧತಿ. ಹಾಲ್ವರ್ ನಿಮ್ಮ ಹೆಸರೇ ಬರ್ದಿದಾರೆ. ಡಿಸೆಂಬರ್‌ಗೆ ಹೊರಡಿ."

"ಮತ್ತೆ ಇಲ್ಲಿ ಸೆಂಟರು ಯಾರು ನೋಡುವುದು?"

"ಹಾಲ್ವರ್ ಅವರೇ. ಊಟ ಮಾತ್ರ ನಿಮ್ಮನೇಲೇ ಅಂತೆ, ಅವಲಕ್ಕಿ ಮರೆಯಕ್ಕಾಗ್ತಿಲ್ವಂತೆ. ಹೆಂಡ್ತಿ ಹೋಗಿ ಒಂದು ವರ್ಷ ಆಯ್ತಂತೆ ಪಾಪ, ಆವತ್ತಿಂದ ಮನೆಯೂಟಾನೇ ಕಂಡಿಲ್ಲ. ನೀವು ಅಲ್ಲಿ ಅವರ ಮನೇಲಿರಬಹುದು. ಅಡುಗೆಮನೆ ದೊಡ್ಡದಾಗಿದೆಯಂತೆ, ನೀವೇ ಬೇಯಿಸ್ಕೋಬೇಕು ಅಷ್ಟೆ."

ಕರೆ ಮುಗಿಯಿತು. ಸೇಸಪ್ಪ ಹೆಂಡತಿಯ ಮುಖ ನೋಡಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪಾಪ, ಒಂದು ವರ್ಷದಿಂದ ಸರಿಯಾದ ಊಟ ಇಲ್ಲ ಅಂತೆ! ಅವರು ಬಂದ ಮೇಲೆ ಸೋಮವಾರ ಸೋಮವಾರ ನೀರುದೋಸೆ ಮಾಡ್ತೇನೆ. ಖಾರ ಕಮ್ಮಿ ಹಾಕಿದ್ರಾಯ್ತು."

"ಮಲಗೋಕೆ ನಮ್ಮನೆ ಗೆಸ್ಟ್ ರೂಮಿದೆ," ಎಂದರು ಜಯಲಕ್ಷ್ಮಿ. "ಬುಧವಾರ ನನ್ನ ಬಿಸಿಬೇಳೆಬಾತ್."

"ನಾನು? ನನ್ನ ಊಟದ ಕಥೆ ಎಂತ?" ಎಂದು ಸೇಸಪ್ಪ ಕೂಗಿದ. "ನನಗೆ ಅನ್ನ ಇಡ್ಲಿಕ್ಕೂ ಬರುವುದಿಲ್ಲ!"

"ಅದಕ್ಕೇ ಹೇಳಿದ್ದು," ಎಂದಳು ಗುಣವತಿ, ಹೇಳಿರದಿದ್ದರೂ. "ಡಿಸೆಂಬರಿಗೆ ಇನ್ನು ಎರಡು ತಿಂಗಳುಂಟು. ನಾಳೆಯಿಂದ ಈ ಮನೆಯ ಅಡುಗೆ ನಿಮ್ಮದೇ. ಕಲಿಯಬೇಕಲ್ಲ!"

ಅಕ್ಕಿಯ ಮೇಲೆ ನೀರು ಬೆರಳಿನ ಎಷ್ಟನೆಯ ಗೆರೆಯವರೆಗೆ ನಿಲ್ಲಬೇಕೆಂದು ಚಕ್ರಪಾಣಿಯವರು ಆಗಲೇ ಪಾಠ ಶುರುಮಾಡಿದ್ದರು.