ತಿಬುರ್ಸಿಯೊನ ಶಿಲುಬೆ ಎತ್ತುವ ದಿನ

"ಭಾನುವಾರಕ್ಕೆ ಹಾಕಿದ್ರೆ ಏನು ಗಂಟು ಹೋಗುತ್ತೆ ಮೇಷ್ಟ್ರೇ? ಬರೀ ಎರಡು ದಿನ!"

"ಸತ್ತೋನನ್ನ ಎರಡು ದಿನ ಬಾಗಿಲಲ್ಲಿ ನಿಲ್ಲಿಸ್ಕೊಳ್ಳಿ ಅಂತೀಯಲ್ಲೋ, ನಿನ್ನ ದೊಡ್ಡಪ್ಪ ಏನು ನಿನ್ನ ಫಾಲೋವರ್ರಾ?"

ತಿಬುರ್ಸಿಯೊನ ತಮ್ಮನ ಮಗ ಎರಾಸ್ತೊ ಫೋನಿನಲ್ಲಿ ವಿಡಿಯೊ ಮಾಡುವವನು. ತನ್ನ ಬಳೆಯಾಕಾರದ ದೀಪವನ್ನು ನೆಲದ ಕಡೆ ತಿರುಗಿಸಿದ. ಅಲ್ಲಿ, ತಿಬುರ್ಸಿಯೊನ ಶವಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ, ಸುಣ್ಣದ ಪುಡಿಯಲ್ಲಿ ಬಿಡಿಸಿದ ಶಿಲುಬೆ ಇತ್ತು. ಸುತ್ತ ಚೆಂಡುಹೂ. ಮಣ್ಣು ಮಾಡಿದ ಒಂಬತ್ತನೆಯ ದಿನ ಆ ಸುಣ್ಣವನ್ನು ಗುಡಿಸಿ, ಡಬ್ಬಿಗೆ ತುಂಬಿ, ಸಮಾಧಿಗೆ ಒಯ್ಯುತ್ತೇವೆ; ಶಿಲುಬೆ ಎತ್ತುವುದು ಅಂದರೆ ಇದೇ. ಅಲ್ಲಿಯವರೆಗೆ ಸತ್ತವರು ಮನೆಯಲ್ಲೇ ಇರುತ್ತಾರೆ. ಆಮೇಲೆ ಇರುವುದಿಲ್ಲ. ಅವತ್ತು ಶುಕ್ರವಾರ, ಒಂಬತ್ತನೆಯ ದಿನ. ಎತ್ತಬೇಕಾದವನು ನಾನು. ಐವತ್ತು ವರ್ಷದ ಸ್ನೇಹದಲ್ಲಿ ನನಗೆ ಉಳಿದಿದ್ದ ಕೆಲಸ ಅದೊಂದೇ.

ಎರಾಸ್ತೊ: ಶುಕ್ರವಾರ ಯಾರೂ ನೋಡಲ್ಲ ಮೇಷ್ಟ್ರೇ. ಭಾನುವಾರ ಆದ್ರೆ ಚರ್ಚಲ್ಲಿ ಪೂಜೆ ಮುಗಿಸ್ಕೊಂಡು ಬಂದು ಎಲ್ರೂ ಫೋನ್ ಹಿಡ್ಕೊಂಡು ಕೂತಿರ್ತಾರೆ. ರಾಜಧಾನಿಯ ಭಕ್ತಿ ಚಾನೆಲ್‌ನೋರು ನನ್ನ ಪೇಜ್ ಮೇಲೆ ಕಣ್ಣಿಟ್ಟಿದಾರೆ. ಈ ಒಂದು ಲೈವ್ ಓಡಿದ್ರೆ ಕೆಲಸಕ್ಕೆ ಕರೆಸ್ಕೋತಾರೆ.

ನಾನು: ಯಾವ ಕೆಲಸಕ್ಕೆ? ಅಳೋದಕ್ಕಾ?

ಎರಾಸ್ತೊ: ವಿಶ್ವಾಸ ಹಂಚೋ ಕೆಲಸಕ್ಕೆ! ದೇವರೇ ತೋರ್ಸಿದ ದಾರಿ ಇದು. ಇಲ್ದಿದ್ರೆ ಟೈರ್ ಅಂಗಡಿ ಬಿಡ್ತಿದ್ನಾ?

ನಾನು: ಬಿಡ್ಲಿಲ್ಲ, ಬಿಡ್ಸಿದ್ರು. ಮಾಲೀಕರು ಓಡಿಸಿದ್ದು ಊರಿಗೆಲ್ಲ ಗೊತ್ತು.

ಎರಾಸ್ತೊ: ಅವರ ಬಾಯಲ್ಲಿ ದೇವರು ಮಾತಾಡ್ದ.

ನಾನು: ಪೆಟ್ಟಿಗೆ ಹತ್ರ ಮೂರು ಸಲ ಅತ್ತೆಯಲ್ಲ, ಎರಡನೇದಕ್ಕೂ ಮೂರನೇದಕ್ಕೂ ನಡುವೆ ತಲೆ ಬಾಚ್ಕೊಂಡೆ. ಅದನ್ನೂ ದೇವರೇ ಹೇಳಿದ್ನಾ?

ಎರಾಸ್ತೊ: ಮೊದಲ್ನೇ ಸಲ ಬೆಳಕು ಸರಿಯಿರ್ಲಿಲ್ಲ. ಎರಡ್ನೇ ಸಲ ಯಾರೋ ಅಡ್ಡ ಬಂದ್ರು.

ನಾನು: ದುಃಖ?

ಎರಾಸ್ತೊ: ಅದು ಮೂರೂ ಸಲ ಸರಿಯಾಗೇ ಇತ್ತು. ಹನ್ನೊಂದು ಸಾವಿರ ಜನ ಆಮೆನ್ ಅಂದಿದಾರೆ, ನೋಡಿ ಬೇಕಾದ್ರೆ.

ನಾನು: ನೋಡ್ದೆ. ಒಬ್ಬ 'ಬೇಗ ಹುಷಾರಾಗ್ಲಿ' ಅಂತ ಬರ್ದಿದಾನೆ. ನೀನು ಅವನಿಗೆ ಕೈ ಮುಗಿದು ಧನ್ಯವಾದ ಹೇಳಿದೀಯ.

ಎರಾಸ್ತೊ: ನೋಡೋರನ್ನ ಬೇಜಾರು ಮಾಡ್ಬಾರ್ದು ಮೇಷ್ಟ್ರೇ. ಅದೇ ಮೊದಲ್ನೇ ಪಾಠ.

ನಾನು: ಮತ್ತೆ ಜಪಮಾಲೆಗೆ ಯಾವ ಪಾಠ? ಮೂರನೇ ದಿನ 'ನಮೋ ಮರಿಯ' ಪ್ರಾರ್ಥನೆ ಅರ್ಧದಲ್ಲಿತ್ತು. ನಿನ್ನ ದೀಪ ಆರಿತು. ನಿನ್ನ ಭಕ್ತೀನೂ ಎದ್ದು ಚಾರ್ಜಿಗೆ ಹೋಯ್ತು, ವಾಪಸ್ ಬರ್ಲೇ ಇಲ್ಲ.

ಎರಾಸ್ತೊ: ನಿಮಗೆ ಹೊಸದು ಕಂಡ್ರೆ ಆಗಲ್ಲ, ಅಷ್ಟೇ. ದೊಡ್ಡಪ್ಪ ಮಾಡಿದ್ದೇನು ಮತ್ತೆ? ಅವರ ಕಾಲದ ಲೈವ್ ಅಲ್ವಾ ಅದು? ಅವರ ಜಾಗಕ್ಕೆ ಈಗ ನಾನು.

ಅವನು ಕಿಟಕಿಯ ಆಚೆ ಕೈ ತೋರಿಸಿದ. ಹಿತ್ತಲಿನಲ್ಲಿ ಎತ್ತರದ ಕಂಬ, ತುದಿಯಲ್ಲಿ ತುಕ್ಕು ಹಿಡಿದ ಧ್ವನಿವರ್ಧಕ. ಯಾರ ಮನೆಯಲ್ಲಿ ತಮಾಲೆ ಕಡುಬು ಬಿಸಿಯಾಗಿದೆ, ಯಾರ ಕತ್ತೆ ಹಗ್ಗ ಕಿತ್ತುಕೊಂಡಿದೆ, ಯಾರು ತೀರಿಕೊಂಡರು, ಎಲ್ಲವನ್ನೂ ನಲವತ್ತು ವರ್ಷ ತಿಬುರ್ಸಿಯೊ ಅದರಲ್ಲೇ ಊರಿಗೆ ಕೂಗಿ ಹೇಳುತ್ತಿದ್ದ. ಅವನು ಹೋದ ಸುದ್ದಿಯನ್ನು ಕೂಗುವವರಿರಲಿಲ್ಲ. ಎರಾಸ್ತೊನ ಪೇಜ್‌ನಿಂದ ಊರಿಗೆ ಗೊತ್ತಾಯಿತು.

ನಾನು: ಬಾಯಿ ತೊಳ್ಕೊಂಡು ಮಾತಾಡು. ಅವನು ಸಾವು ಹೇಳ್ವಾಗ ಹೆಸರು, ಹೊತ್ತು, ಬೀದಿ ಹೇಳಿ ಮೈಕ್ ಆರಿಸ್ತಿದ್ದ. ಅವನ ಅಮ್ಮ ಹೋದ ದಿನಾನೂ 'ದೋನ್ಯಾ ಪೌಲಾ, ಬೆಳಿಗ್ಗೆ ಆರಕ್ಕೆ, ಹೊಳೆ ಬೀದಿ' ಅಂದ. ಅಷ್ಟೇ. ಎಲ್ಲ ಹಿರಿ ಹೆಂಗಸರಿಗೂ ಅನ್ನೋ ಹಾಗೆ ದೋನ್ಯಾ ಅಂದ, ಅಮ್ಮ ಅಂತಾನೂ ಅನ್ಲಿಲ್ಲ. ಆಮೇಲೆ ಕಂಬದ ಬುಡದಲ್ಲಿ ಮಧ್ಯಾಹ್ನದವರೆಗೆ ಕೂತಿದ್ದ. ಪಕ್ಕದಲ್ಲಿ ಕೂತಿದ್ದೋನು ನಾನು.

ಎರಾಸ್ತೊ ಕಿಟಕಿಯಾಚೆ ಕಂಬದ ಬುಡವನ್ನೇ ನೋಡಿದ. ಪರವಾಗಿಲ್ಲ, ಹುಡುಗನಿಗೆ ನಾಟಿತು ಅಂದುಕೊಂಡೆ.

ಎರಾಸ್ತೊ: ಮೇಷ್ಟ್ರೇ, ಇದನ್ನೇ ಕ್ಯಾಮೆರಾ ಮುಂದೆ ಇನ್ನೊಂದ್ಸಲ ಹೇಳ್ತೀರಾ? 'ಕಂಬದ ಬುಡ' ಅನ್ನೋವಾಗ ಸ್ವಲ್ಪ ನಿಧಾನ.

ನಾನು ಏನನ್ನಾದರೂ ಎಸೆಯಲು ಹುಡುಕುತ್ತಿದ್ದಾಗ ಅಡುಗೆಮನೆಯಿಂದ ತಿಬುರ್ಸಿಯೊನ ಹೆಂಡತಿ ದೋನ್ಯಾ ಎರ್ಮೆಲಿಂದಾ ಬಂದರು. ಅವರ ಮಗಳಿಗೆ ದೀಕ್ಷಾಸ್ನಾನದಲ್ಲಿ ನಾನು ಧರ್ಮತಂದೆ, ಹಾಗಾಗಿ ಅವರಿಗೆ ನಾನು ಕೊಂಪಾದ್ರೆ, ನನಗೆ ಅವರು ಕೊಮಾದ್ರೆ. ಕೈಯಲ್ಲಿದ್ದ ಸೌಟಿನಿಂದ ಮೋಲೆ ಸಾರು ತೊಟ್ಟಿಕ್ಕುತ್ತಿತ್ತು.

ಎರ್ಮೆಲಿಂದಾ: ಏನಿದು ಗಲಾಟೆ? ಅವರಿದ್ದಾಗ ಈ ಮನೇಲಿ ಒಬ್ರೇ ಕೂಗ್ತಿದ್ದಿದ್ದು.

ಎರಾಸ್ತೊ: ದೊಡ್ಡಮ್ಮಾ, ಶಿಲುಬೆ ಭಾನುವಾರ ಎತ್ತಿದ್ರೆ...

ಎರ್ಮೆಲಿಂದಾ: ಒಲೆ ಮೇಲೆ ಆರು ಟರ್ಕಿ ಕೋಳಿ ಬೇಯ್ತಿದೆ. ಎರಡು ದಿನ ತಡ್ಕೊಳ್ಳಿ ಅಂತ ಅವಕ್ಕೆ ನೀನೇ ಹೇಳು. ಲೈವಲ್ಲೇ ಹೇಳು.

ಎರಾಸ್ತೊ: ನನ್ನ ಭವಿಷ್ಯ ದೊಡ್ಡಮ್ಮಾ!

ಎರ್ಮೆಲಿಂದಾ: ನಿನ್ನ ಭವಿಷ್ಯಕ್ಕೆ ನನ್ನ ಗಂಡನ ಹೆಣಾನೇ ಬೇಕಿತ್ತಾ? ಚಿತ್ರ ತೆಗೀತೀಯಾ, ಆ ಮೂಲೇಲಿ ನಿಂತು ತೆಗಿ. ಅಳ್ಬೇಡ. ಕೊಂಪಾದ್ರೆ, ಹಿಡೀರಿ.

ನನ್ನ ಕೈಗೆ ಪೊರಕೆಯನ್ನೂ ಡಬ್ಬಿಯನ್ನೂ ಕೊಟ್ಟರು. ನೆರೆಹೊರೆಯವರು ಬಂದು ಗೋಡೆಗೊರಗಿ ನಿಂತರು. ನಾನು ಮೊಣಕಾಲೂರಿ ಬಗ್ಗಿದೆ. ಶಿಲುಬೆಯ ತಲೆಯ ಕಡೆಯಿಂದ ಶುರು ಮಾಡಬೇಕು.

ನಾನು: ಕೊಮಾದ್ರೆ, ಇಲ್ಲಿ ಸುಣ್ಣ ಒಂಚೂರು ಹಸಿ ಇದ್ದಂಗಿದೆ. ಒಣಗೋಕೆ ಬಿಡೋಣ್ವಾ?

ಎರ್ಮೆಲಿಂದಾ: ಒಂಬತ್ತು ದಿನದಿಂದ ಒಣಗಿದೆ.

ನಾನು: ಹೂ ಬಾಡಿದೆ. ಹೊಸದು ತಂದು...

ಎರ್ಮೆಲಿಂದಾ: ಬೆಳಿಗ್ಗೆ ನೀವೇ ತಂದಿದ್ದು.

ನಾನು: ಈ ಡಬ್ಬಿ ಚಿಕ್ಕದಾಗುತ್ತೇನೋ. ಮನೆಗೆ ಹೋಗಿ ಬೇರೆ ತರ್ತೀನಿ. ಇಷ್ಟರಲ್ಲಿ ಬಂದೆ.

ಪೊರಕೆ ನನ್ನ ಕೈಯಲ್ಲಿ ಅಲ್ಲಾಡದೆ ನಿಂತಿತ್ತು. ಮೂಲೆಯಲ್ಲಿ ಎರಾಸ್ತೊ ಫೋನನ್ನು ಕೆಳಗಿಳಿಸಿದ.

ಎರಾಸ್ತೊ (ಮೆತ್ತಗೆ): ಮೇಷ್ಟ್ರೇ... ಭಾನುವಾರಕ್ಕೆ ಹಾಕೋಣ್ವಾ?

ಎರ್ಮೆಲಿಂದಾ: ಚೆನ್ನಾಗಿದೆ! ಇವನಿಗೆ ನೋಡೋರು ಸಾಲ್ದು, ನಿಮಗೆ ಅವರನ್ನ ನೋಡಿದ್ದು ಸಾಲ್ದು. ನಡುವೆ ಅವರೊಬ್ರು ಬಾಗಿಲಲ್ಲಿ ಟೋಪಿ ಹಿಡ್ಕೊಂಡು ನಿಂತಿದಾರೆ. ಗುಡಿಸಿ ಕೊಂಪಾದ್ರೆ. ಕಾಯೋದು ಅಂದ್ರೆ ಅವರಿಗೆ ಯಾವತ್ತೂ ಆಗ್ತಿರ್ಲಿಲ್ಲ.

ತಲೆಯ ಕಡೆಯಿಂದ ಗುಡಿಸತೊಡಗಿದೆ.